ರಾಜಧಾನಿಗೆ ಬಂದವರು ಎಲ್ಲಿ ಮಲಗಬೇಕು?

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ನಮ್ಮಲ್ಲಿದೆ. ಗಾದೆಯೇನೋ ನಿಜ, ಆದರೆ ರಾಜಧಾನಿಗೆ ಹೋಗುವ ಪ್ರಜೆಗೆ ಅದರಿಂದ ಏನೂ ಪ್ರಯೋಜನವಿಲ್ಲ. ಬೆಂಗಳೂರೆಂಬ ಸಂತೆಗೆ ಚಿಂತೆಯಿಲ್ಲದೆ ಹೋಗುವವನು ಯಾವನು? ಹೈಕೋರ್ಟಿನಲ್ಲಿ ಜಮೀನಿನ ಮೊಕದ್ದಮೆ ಇರುವವನು ಹೋಗುತ್ತಾನೆ. ಕಿದ್ವಾಯಿ ಆಸ್ಪತ್ರೆಯಲ್ಲಿ ತಾಯಿಯನ್ನು ತೋರಿಸಬೇಕಾದವನು ಹೋಗುತ್ತಾನೆ. ಲೋಕಸೇವಾ ಆಯೋಗದ ಉದ್ಯೋಗ ಸೌಧಕ್ಕೆ ಮೂಲ ದಾಖಲೆಗಳ ಕಡತವನ್ನು ಎದೆಗವಚಿಕೊಂಡು ಹುಡುಗಿಯೊಬ್ಬಳು ಹೋಗುತ್ತಾಳೆ. ಪಿಂಚಣಿಯ ಕಾಗದ ಎಲ್ಲಿ ನಿಂತಿತೆಂದು ಕೇಳಲು ನಿವೃತ್ತ ಮೇಷ್ಟರು ಹೋಗುತ್ತಾರೆ. ಇವರೆಲ್ಲ ಹಗಲು ಎಲ್ಲಿರುತ್ತಾರೆಂಬುದು ಸರಕಾರಕ್ಕೆ ಚೆನ್ನಾಗಿ ಗೊತ್ತು. ಏಕೆಂದರೆ ಅವರು ನಿಂತಿರುವುದು ಸರಕಾರದ ಬಾಗಿಲಿನಲ್ಲೇ. ರಾತ್ರಿ ಎಲ್ಲಿರುತ್ತಾರೆಂದು ಮಾತ್ರ ಅದು ವಿಚಾರಿಸಿದಂತೆ ಕಾಣುವುದಿಲ್ಲ.

ನಾನು ವಾದಿಸಬೇಕೆಂದಿರುವುದು ಇಷ್ಟೆ. ಒಂದು ರಾಜ್ಯವು ತನ್ನ ನ್ಯಾಯ, ಔಷಧ, ಪರೀಕ್ಷೆ, ಉದ್ಯೋಗ ಎಲ್ಲವನ್ನೂ ಒಂದೇ ಊರಿನಲ್ಲಿ ರಾಶಿ ಹಾಕಿಕೊಂಡು, ಬೇಕಾದವರು ಇಲ್ಲಿಗೇ ಬನ್ನಿ ಎಂದು ಕರೆದ ಮೇಲೆ, ಬಂದವರಿಗೆ ಒಂದು ರಾತ್ರಿ ಮಾನವಾಗಿ ಮಲಗಲು ಕೈಗೆಟಕುವ ದರದಲ್ಲಿ ಜಾಗ ಒದಗಿಸುವುದು ಅದರ ಕರ್ತವ್ಯ. ಇದು ದಾನವಲ್ಲ, ದಯೆಯೂ ಅಲ್ಲ. ಮಲೆನಾಡಿನಲ್ಲಿ ಯಾರನ್ನಾದರೂ ಮನೆಗೆ ಕರೆದರೆ ಮೊದಲು ಕಾಲಿಗೆ ನೀರು, ಆಮೇಲೆ ಕೂರಲು ಚಾಪೆ, ಆಮೇಲೆ ಮಾತು. ಕರೆದು ಚಾಪೆ ಹಾಸದಿದ್ದವನನ್ನು ಊರು ಏನೆನ್ನುತ್ತದೆಂಬುದು ಎಲ್ಲರಿಗೂ ಗೊತ್ತು. ವಿಧಾನಸೌಧಕ್ಕೆ ಬೇರೆ ನೀತಿ ಇದೆಯೆಂದು ನನಗೆ ತೋರುವುದಿಲ್ಲ.

ನಮ್ಮ ಮುತ್ತಿನಕೊಪ್ಪದಿಂದ ಬೆಂಗಳೂರಿಗೆ ಸುಮಾರು ಮುನ್ನೂರು ಕಿಲೋಮೀಟರು. ಕೊಪ್ಪ, ಶೃಂಗೇರಿಯವರಿಗೆ ಇನ್ನಷ್ಟು ದೂರ. ರಾತ್ರಿ ಊಟ ಮುಗಿಸಿ ಬಸ್ಸು ಹತ್ತಿದರೆ ಅದು ಬೆಳಗಿನ ಜಾವದ ಚಳಿಯಲ್ಲಿ ಮೆಜೆಸ್ಟಿಕ್ಕಿನಲ್ಲಿ ಇಳಿಸುತ್ತದೆ. ಕಛೇರಿಗಳ ಬಾಗಿಲು ತೆರೆಯುವುದು ಹತ್ತು ಗಂಟೆಗೆ. ಈ ನಾಲ್ಕೈದು ಗಂಟೆ ಏನು ಮಾಡಬೇಕು? ಇವನಿಗೆ ಬೇಕಾದದ್ದು ಬಹಳವಲ್ಲ: ಬೆನ್ನು ನೆಲಕ್ಕೆ ತಾಗಿಸಲು ಎರಡು ಗಂಟೆ, ಒಂದು ಶುಭ್ರವಾದ ಕಕ್ಕಸು, ಒಂದು ಬಕೆಟು ಬಿಸಿನೀರು, ಚೀಲ ಇಟ್ಟು ಬೀಗ ಹಾಕಲು ಒಂದು ಪೆಟ್ಟಿಗೆ. ಕೆಲಸ ಆ ದಿನವೇ ಮುಗಿದರೆ ರಾತ್ರಿಯ ಬಸ್ಸಿಗೆ ಹಿಂದಿರುಗುತ್ತಾನೆ. ಮುಗಿಯದಿದ್ದರೆ—ಸಾಮಾನ್ಯವಾಗಿ ಮುಗಿಯುವುದಿಲ್ಲ, ಸಾಹೇಬರು ಸಭೆಯಲ್ಲಿರುತ್ತಾರೆ, ಮೊಕದ್ದಮೆ ಮರುದಿನಕ್ಕೆ ಹೋಗುತ್ತದೆ, ಸ್ಕ್ಯಾನಿಂಗಿನ ಸರದಿ ನಾಳೆ ಬರುತ್ತದೆ—ಒಂದು ರಾತ್ರಿಯ ಮಾತು ಎದುರಾಗುತ್ತದೆ.

ಆಗ ಅವನಿಗೆ ಕಾಣುವುದು ಗಾಂಧಿನಗರದ, ಉಪ್ಪಾರಪೇಟೆಯ, ಕಾಟನ್‌ಪೇಟೆಯ ಲಾಡ್ಜುಗಳು. ವಾಚಕರಲ್ಲಿ ಅನೇಕರು ಅವುಗಳನ್ನು ಕಂಡಿರಬಹುದು. ಕೆಳಗೆ ದರ್ಶಿನಿ, ಇಲ್ಲವೆ ಮದ್ಯದ ಅಂಗಡಿ. ಪಕ್ಕದಲ್ಲಿ ಕಡಿದಾದ ಮೆಟ್ಟಿಲು. ಮೇಲೆ ಮೇಜಿನ ಹಿಂದೆ ದೊಡ್ಡ ರಿಜಿಸ್ಟರು. ಕಿಟಕಿ ಇರುವ ಕೋಣೆಗೆ ಒಂದು ದರ, ಕಿಟಕಿ ಇಲ್ಲದ್ದಕ್ಕೆ ಇನ್ನೊಂದು. ಕಿಟಕಿ ಇದ್ದರೂ ಅದು ತೆರೆದುಕೊಳ್ಳುವುದು ಪಕ್ಕದ ಗೋಡೆಗೆ. ದಿಂಬಿಗೆ ಹಿಂದಿನವನ ತಲೆಯ ಎಣ್ಣೆಯ ವಾಸನೆ. ಹೊದಿಕೆಯನ್ನು ಹೊದೆಯುವುದಕ್ಕಿಂತ ಹೊದೆಯದಿರುವುದು ಕ್ಷೇಮ. ಬಿಸಿನೀರು ಬೆಳಗ್ಗೆ ಆರರಿಂದ ಎಂಟರವರೆಗೆ ಎಂದು ಬೋರ್ಡು ಇರುತ್ತದೆ. ನೀರು ಬೋರ್ಡನ್ನು ಓದಿರುವುದಿಲ್ಲ. ತಿಗಣೆಗಳ ವಿಷಯವಾಗಿ ನಮ್ಮ ಹಾಸ್ಯ ಲೇಖಕರು ಬೇಕಾದಷ್ಟು ಬರೆದಿದ್ದಾರೆ, ನಾನು ಬರೆಯುವುದಿಲ್ಲ. ಎಲ್ಲ ಲಾಡ್ಜುಗಳೂ ಹೀಗೆಯೇ ಎಂದು ನಾನು ಹೇಳುತ್ತಿಲ್ಲ. ಚೊಕ್ಕಟವಾದವು ಇವೆ. ಆದರೆ ಚೊಕ್ಕಟವಾದ ಒಂದು ಕೋಣೆಗೆ ನಮ್ಮ ಕಡೆಯ ತೋಟದ ಕೂಲಿಯವನು ಎರಡು ದಿನ ದುಡಿದದ್ದನ್ನೂ ಮೀರಿ ತೆರಬೇಕಾಗುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ದಿನ ಮುಗಿಯಿತೆನ್ನುವ ಲಾಡ್ಜಾದರೆ, ಬೆಳಗಿನ ಐದಕ್ಕೆ ಬಂದವನು ಏಳು ಗಂಟೆಯ ಸುಖಕ್ಕೆ ಇಡೀ ದಿನದ ಬಾಡಿಗೆ ಕೊಡಬೇಕು. ಹಾಸಿಗೆಯಿದ್ದಷ್ಟು ಕಾಲು ಚಾಚು ಎಂದು ಬಡವನಿಗೆ ಉಪದೇಶ ಮಾಡುತ್ತೇವಲ್ಲ, ಚಾಚಲು ಹಾಸಿಗೆಯನ್ನು ಗಂಟೆಯ ಲೆಕ್ಕದಲ್ಲಿ ಕೊಡುವವರು ಎಲ್ಲಿದ್ದಾರೆ?

ಇದಕ್ಕೆ ಸರಕಾರ ಮಾಡಿದ ಸಹಾಯವನ್ನು ನೋಡಿ. 2017ರಲ್ಲಿ ಸರಕು ಸೇವಾ ತೆರಿಗೆ ಬಂದಾಗ ದಿನಕ್ಕೆ ಸಾವಿರ ರೂಪಾಯಿಗಿಂತ ಕಡಿಮೆ ಬಾಡಿಗೆಯ ಕೋಣೆಗಳನ್ನು ತೆರಿಗೆಯಿಂದ ಬಿಟ್ಟಿದ್ದರು. ಬಡ ಪ್ರಯಾಣಿಕನ ಮೇಲೆ ಯಾರಿಗೋ ಕನಿಕರ ಇದ್ದಿರಬೇಕು. ಆ ಕನಿಕರ ಐದು ವರ್ಷ ನಿಂತಿತು. 2022ರ ಜುಲೈ 18ರಿಂದ ಆ ಕೋಣೆಗಳ ಮೇಲೂ ಶೇಕಡ 12 ತೆರಿಗೆ ಬಿತ್ತು. ಒಂಬೈನೂರು ರೂಪಾಯಿಯ ಕೋಣೆಗೆ ನೂರ ಎಂಟು ರೂಪಾಯಿ ತೆರಿಗೆ. ಅಷ್ಟರಲ್ಲಿ ಇಬ್ಬರ ಊಟವಾಗುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ ಅದನ್ನು ಶೇಕಡ 5ಕ್ಕೆ ಇಳಿಸಿದ್ದಾರೆ. ಇಳಿಸಿದ್ದು ಒಳ್ಳೆಯದೇ. ಆದರೆ ಅದರಲ್ಲಿಯೂ ಒಂದು ಚೋದ್ಯವಿದೆ. ದಿನಕ್ಕೆ ಏಳೂವರೆ ಸಾವಿರ ರೂಪಾಯಿಯವರೆಗಿನ ಕೋಣೆಗಳಿಗೆಲ್ಲ ಇದೇ ದರ. ವಿಹಾರಕ್ಕೆ ಬಂದು ಏಳು ಸಾವಿರದ ಕೋಣೆಯಲ್ಲಿ ಮಲಗುವವನೂ, ತಾಯಿಯ ರಕ್ತಪರೀಕ್ಷೆಗೆ ಬಂದು ಐನೂರರ ಕೋಣೆಯಲ್ಲಿ ಎಚ್ಚರವಾಗಿರುವವನೂ ತೆರಿಗೆಯ ಕಣ್ಣಿಗೆ ಒಂದೇ. ಸಮಾನತೆ ಎಂಬುದು ನಮ್ಮ ದೇಶದಲ್ಲಿ ಇಂಥ ಕಡೆಯಲ್ಲಿ ತಪ್ಪದೆ ಬರುತ್ತದೆ.

ಇಷ್ಟಾದರೂ ಇದು ಹಣದ ಮಾತು. ಸಾಲ ಮಾಡಿಯಾದರೂ ತೀರಿಸಬಹುದು. ಸಾಲ ಮಾಡಿದರೂ ತೀರದ ತೊಂದರೆ ಒಂದಿದೆ. ಅದು ಹೆಂಗಸರದು.

2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಂಗಸರು ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವಿಲ್ಲದೆ ಓಡಾಡುತ್ತಿದ್ದಾರೆ. ಶಕ್ತಿ ಯೋಜನೆಯನ್ನು ಹಾಸ್ಯ ಮಾಡುವವರ ಗುಂಪಿಗೆ ನಾನು ಸೇರಿದವನಲ್ಲ. ಊರ ಗಡಿ ದಾಟದಿದ್ದ ಎಷ್ಟೋ ಹೆಂಗಸರು ಆ ಯೋಜನೆಯಿಂದ ಜಿಲ್ಲಾಸ್ಪತ್ರೆ ಕಂಡರು, ಕಾಲೇಜು ಕಂಡರು, ತವರನ್ನು ಕಂಡರು. ಆದರೆ ಬಸ್ಸು ಇಳಿಸಿದ ಮೇಲೆ ಏನು? ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಹುದ್ದೆಯ ದಾಖಲೆ ಪರಿಶೀಲನೆಗೆಂದು ತಾಯಿಯೊಡನೆ ಬೆಂಗಳೂರಿಗೆ ಹೋದಳು. ತಂದೆ ತೀರಿಕೊಂಡಿದ್ದಾರೆ. ಪರಿಶೀಲನೆ ಮರುದಿನಕ್ಕೆ ಬಿತ್ತು. ಸಂಜೆ ಏಳಕ್ಕೆ ತಾಯಿ ಮಗಳು ಲಾಡ್ಜು ಹುಡುಕಲು ಹೊರಟರು. ಕೈಯಲ್ಲಿ ಹಣವಿತ್ತು, ಆಧಾರ್ ಕಾರ್ಡಿತ್ತು. ಮೊದಲನೆಯ ಲಾಡ್ಜಿನ ಮೇಜಿನ ಹಿಂದೆ ಕುಳಿತವನು ಕೇಳಿದ ಪ್ರಶ್ನೆ ಒಂದೇ: “ಗಂಡಸರು ಯಾರೂ ಇಲ್ವೇನಮ್ಮ?” ಇಲ್ಲವೆಂದಾಗ, “ಬರೀ ಲೇಡೀಸಿಗೆ ರೂಮ್ ಕೊಡಲ್ಲ, ಓನರ್ ಹೇಳಿದಾರೆ” ಎಂದು ರಿಜಿಸ್ಟರು ಮುಚ್ಚಿದ. ಎರಡನೆಯ ಕಡೆ ಕೋಣೆ ಖಾಲಿ ಇಲ್ಲವೆಂದರು; ಇವರ ಹಿಂದೆಯೇ ಬಂದ ಗಂಡಸಿಗೆ ಬೀಗದ ಕೈ ಕೊಟ್ಟರು. ಮೂರನೆಯ ಕಡೆ ಇವರು ಒಳಗೆ ಹೋಗಲಿಲ್ಲ. ಮೆಟ್ಟಿಲ ಮೇಲೆ ಕುಳಿತವರ ನೋಟವೇ ಸಾಕಾಯಿತಂತೆ. ಆ ರಾತ್ರಿ ಅವರು ಬಸ್ ನಿಲ್ದಾಣದ ಕಬ್ಬಿಣದ ಕುರ್ಚಿಯ ಮೇಲೆ ಸರದಿಯ ಪ್ರಕಾರ ಕಣ್ಣು ಮುಚ್ಚಿದರು. ಬೆಳಗ್ಗೆ ಶೌಚಾಲಯದ ತೊಟ್ಟಿಕ್ಕುವ ನಲ್ಲಿಯಲ್ಲಿ ಮುಖ ತೊಳೆದು ಹುಡುಗಿ ಪರಿಶೀಲನೆಗೆ ಹೋದಳು. “ಕೆಲಸ ಸಿಕ್ಕೀತು ಸರ್, ಆದರೆ ಅಮ್ಮ ಇನ್ನು ಬೆಂಗಳೂರಿಗೆ ಬರಲ್ಲ ಅಂದ್ರು” ಎಂದು ಹೇಳಿದಳು. ಇದು ಒಬ್ಬಳ ಕಥೆಯೆಂದು ನಾನು ಭಾವಿಸಿದ್ದೆ. ತರಗತಿಯಲ್ಲಿ ಕೇಳಿದಾಗ ಇಂಥದೇ ಮಾತು ಹೇಳಲು ಇನ್ನೂ ನಾಲ್ಕು ಕೈಗಳು ಮೇಲೆದ್ದವು.

ನಮ್ಮ ಸಂವಿಧಾನ 1950ರ ಜನವರಿ 26ರಂದು ಜಾರಿಗೆ ಬಂತು. ಅದರ ಹದಿನೈದನೆಯ ಅನುಚ್ಛೇದದ ಎರಡನೆಯ ಖಂಡವನ್ನು ಲಾಡ್ಜಿನ ಮೇಜುಗಳ ಮೇಲೆ ಗಾಜಿನ ಕೆಳಗೆ ಇಡಿಸಬೇಕು. ಮತ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಕಾರಣ ಮಾತ್ರದಿಂದ ಯಾವ ಪ್ರಜೆಗೂ ಅಂಗಡಿ, ಸಾರ್ವಜನಿಕ ಊಟದ ಮನೆ, ಹೋಟೆಲು, ವಿನೋದ ಸ್ಥಳಗಳ ಪ್ರವೇಶಕ್ಕೆ ಅಡ್ಡಿ ಇರಕೂಡದೆಂದು ಅದು ಹೇಳುತ್ತದೆ. ಹೋಟೆಲು ಎಂಬ ಮಾತು ಅಲ್ಲಿ ಸ್ಪಷ್ಟವಾಗಿದೆ. ಲಿಂಗ ಎಂಬ ಮಾತೂ ಸ್ಪಷ್ಟವಾಗಿದೆ. ಗಂಡಸು ಜೊತೆಯಲ್ಲಿಲ್ಲ ಎಂಬ ಒಂದೇ ಕಾರಣಕ್ಕೆ ಹೆಂಗಸಿಗೆ ಕೋಣೆ ನಿರಾಕರಿಸುವುದು ಓನರ್ ಹೇಳಿದ ಮಾತ್ರಕ್ಕೆ ಸರಿಯಾಗುವ ವಿಷಯವಲ್ಲ. ಆದರೂ ಬೋರ್ಡು ಹಾಕದೆಯೇ ಈ ನಿಯಮ ನಡೆಯುತ್ತಿದೆ. ಬೋರ್ಡು ಹಾಕಿದ್ದರೆ ಯಾರಾದರೂ ಕೋರ್ಟಿಗೆ ಹೋಗುತ್ತಿದ್ದರು. ಕೋರ್ಟಿಗೆ ಹೋದವರಿಗೂ ಮಲಗಲು ಜಾಗ ಬೇಕಲ್ಲ ಎಂಬುದು ಬೇರೆ ಮಾತು.

ಲಾಡ್ಜಿನವರ ಪಕ್ಷವನ್ನೂ ಹೇಳಬೇಕು. ಅವರೆಲ್ಲ ದುಷ್ಟರಲ್ಲ. ಒಂಟಿಯಾಗಿ ಬಂದವರು ಕೋಣೆಯಲ್ಲಿ ಪ್ರಾಣ ತೆಗೆದುಕೊಂಡರೆ ಠಾಣೆಗೆ ಅಲೆಯುವವರು ಅವರು. ಕೆಟ್ಟ ದಂಧೆಯ ಅನುಮಾನ ಬಂದರೆ ಪೋಲೀಸರು ಮೊದಲು ಹಿಡಿಯುವುದು ಅವರ ರಿಜಿಸ್ಟರನ್ನು. ಕಟ್ಟಡದ ಬಾಡಿಗೆ, ವಿದ್ಯುತ್ತು, ಟ್ಯಾಂಕರಿನ ನೀರು ಎಲ್ಲಕ್ಕೂ ಹಣ ಸುರಿಯಬೇಕು. ಲಾಭಕ್ಕಾಗಿ ಅಂಗಡಿ ತೆರೆದವನು ಅಪಾಯವನ್ನು ದೂರವಿಡುತ್ತಾನೆ. ಅಪಾಯ ಎಲ್ಲಿದೆಯೆಂದು ವಿವೇಚಿಸುವ ತಾಳ್ಮೆ ಇಲ್ಲದಾಗ ಬಡವರನ್ನೂ ಒಂಟಿ ಹೆಂಗಸರನ್ನೂ ದೂರವಿಡುತ್ತಾನೆ. ನಾನು ಹೇಳುವುದೂ ಅದೇ. ವ್ಯಾಪಾರಕ್ಕೆ ಆಗದ ಕೆಲಸವನ್ನು ವ್ಯಾಪಾರಕ್ಕೇ ಬಿಟ್ಟು ಕೈ ತೊಳೆದುಕೊಂಡವರ ತಪ್ಪು ವ್ಯಾಪಾರಿಯ ತಪ್ಪಿಗಿಂತ ದೊಡ್ಡದು.

“ಮಲೆನಾಡಿನವರಿಗೆ ಈ ಗೋಳೇಕೆ? ಮನೆಗೊಬ್ಬ ಮಗ ಬೆಂಗಳೂರಿನಲ್ಲಿದ್ದಾನೆ, ಅಲ್ಲಿ ಇಳಿದುಕೊಳ್ಳಲಿ” ಎನ್ನುವವರಿದ್ದಾರೆ. ಮಗ ಇರುವುದು ಪಿ.ಜಿ.ಯಲ್ಲಿ. ಅಲ್ಲಿ ಒಂದು ಕೋಣೆಗೆ ಮೂರು ಮಂಚ; ಅತಿಥಿಗಳಿಗೆ ಪ್ರವೇಶವಿಲ್ಲವೆಂದು ಬಾಗಿಲಲ್ಲೇ ಬರೆದಿರುತ್ತದೆ. ಮದುವೆಯಾದವನಾದರೆ ಒಂದು ಕೋಣೆ, ಒಂದು ಅಡಿಗೆಮನೆ. ಗಂಡ ಹೆಂಡತಿ ಇಬ್ಬರೂ ಬೆಳಗ್ಗೆ ಎಂಟಕ್ಕೆ ಹೊರಟು ರಾತ್ರಿ ಎಂಟಕ್ಕೆ ಬರುವವರು. ವರ್ಷಕ್ಕೊಮ್ಮೆ ಹೋದರೆ ನೆಂಟಸ್ತಿಕೆ. ಆಸ್ಪತ್ರೆಗೆಂದು ತಿಂಗಳಿಗೆ ಎರಡು ಸಲ ಹೋದರೆ ಅದು ಹೊರೆ. ಇಷ್ಟಕ್ಕೂ ಬೆಂಗಳೂರಿನಲ್ಲಿ ಮಗನಿರುವುದು ಯಾರ ಮನೆಯವನು? ಓದಿಸಲು ಶಕ್ತಿಯಿದ್ದವನ ಮಗ. ಅಡಿಕೆ ಸುಲಿಯುವವಳ ಮಗ ಅಡಿಕೆ ಕೊಯ್ಯುತ್ತಾನೆ. ಅವಳಿಗೆ ಬೆಂಗಳೂರಿನಲ್ಲಿ ನೆಂಟರಿಲ್ಲ.

ನೆಂಟರಿಲ್ಲದವರಿಗೆ ಎಂ.ಎಲ್.ಎ. ಇದ್ದಾರೆ ಎಂಬ ಉತ್ತರವೂ ಇದೆ. ಶಾಸಕರ ಭವನದ ಕೋಣೆಯಲ್ಲಿ ಕ್ಷೇತ್ರದವರು ಚಾಪೆ ಹಾಸಿ ಮಲಗುವುದು ನಮ್ಮ ರಾಜಕೀಯದ ಹಳೆಯ ಪದ್ಧತಿ. ಅದರಲ್ಲಿ ಒಂದು ಬಗೆಯ ಆತ್ಮೀಯತೆ ಇದೆಯೆಂದು ಒಪ್ಪುತ್ತೇನೆ. ಆದರೆ ಅಲ್ಲಿ ಮಲಗುವವನು ಪ್ರಜೆಯಾಗಿ ಮಲಗುವುದಿಲ್ಲ, ಹಿಂಬಾಲಕನಾಗಿ ಮಲಗುತ್ತಾನೆ. ಬೇರೆ ಪಕ್ಷಕ್ಕೆ ದುಡಿದವನಿಗೆ ಆ ಬಾಗಿಲು ತೆರೆದೀತೆ? ತಾಯಿ ಮಗಳು ಅಲ್ಲಿ ಹೋಗಿ ಮಲಗಲಾದೀತೆ? ಒಂದು ರಾತ್ರಿಯ ನಿದ್ದೆಗಾಗಿ ಐದು ವರ್ಷದ ಋಣ ಹೊರಬೇಕಾದರೆ ಅದು ಗಾಂಧಿನಗರದ ಲಾಡ್ಜಿಗಿಂತ ದುಬಾರಿ. ರೈಲು ನಿಲ್ದಾಣದಲ್ಲಿ ತಂಗುವ ಕೋಣೆಗಳಿವೆ. ಅವು ರೈಲಿನ ಟಿಕೆಟ್ಟು ಇದ್ದವರಿಗೆ. ರೈಲನ್ನೇ ಕಾಣದ ಕೊಪ್ಪ, ಶೃಂಗೇರಿಯವರು ಬಸ್ಸಿನ ಟಿಕೆಟ್ಟು ತೋರಿಸಿದರೆ ನಡೆಯುವುದಿಲ್ಲ. ನಗರದಲ್ಲಿ ವಸತಿರಹಿತರ ರಾತ್ರಿ ತಂಗುದಾಣಗಳಿವೆ. ಅವು ಮನೆಯೇ ಇಲ್ಲದವರಿಗೆ ಸೇರಿದವು. ಊರಿನಲ್ಲಿ ಮನೆಯಿದ್ದವನು ಅವರ ಚಾಪೆಯನ್ನು ಕಸಿಯಬಾರದು.

ಹಾಗಾದರೆ ನಮ್ಮ ಹಿಂದಿನವರು ಏನು ಮಾಡುತ್ತಿದ್ದರು? ಕನ್ನಡ ಪಾಠ ಹೇಳುವವನಾದ್ದರಿಂದ ಒಂದು ಶಬ್ದದ ಚರಿತ್ರೆಯನ್ನು ಹೇಳಲು ವಾಚಕರ ಅಪ್ಪಣೆ ಬೇಡುತ್ತೇನೆ. ಛತ್ರ ಎಂಬುದು ಸತ್ರದಿಂದ ಬಂದ ಮಾತು. ಸತ್ರವೆಂದರೆ ಮೊದಲು ದೀರ್ಘಕಾಲದ ಯಜ್ಞ; ಆಮೇಲೆ ಬಂದವರಿಗೆ ಅನ್ನ ಹಾಕುವ ಸ್ಥಳ; ಆಮೇಲೆ ದಾರಿಹೋಕರು ತಂಗುವ ಮನೆ. ನಮ್ಮ ಶಾಸನಗಳಲ್ಲಿ ಸತ್ರಕ್ಕೆಂದು ಗದ್ದೆ ಬಿಟ್ಟವರ ಹೆಸರುಗಳು ಬೇಕಾದಷ್ಟಿವೆ. ನಮಗೆ ದೂರವಲ್ಲದ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೋಡಿಮಠವೆಂಬ ಕಾಳಾಮುಖ ಮಠವಿತ್ತು. ಅದನ್ನು ವರ್ಣಿಸುವ 1162ರ ಶಾಸನವು ಅಲ್ಲಿ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಅನ್ನ ದೊರೆಯುತ್ತಿತ್ತೆಂದೂ, ರೋಗಿಗಳಿಗೆ ಚಿಕಿತ್ಸೆ ನಡೆಯುತ್ತಿತ್ತೆಂದೂ, ಸಮಸ್ತ ಜೀವಿಗಳಿಗೂ ಅದು ಅಭಯಸ್ಥಾನವೆಂದೂ ಹೇಳುತ್ತದೆ. ಶಾಸನದ ಹೊಗಳಿಕೆಯಲ್ಲಿ ಸ್ವಲ್ಪ ಕಳೆದುಕೊಂಡರೂ, ಎಂಟೂವರೆ ಶತಮಾನಗಳ ಹಿಂದೆ ಒಂದು ಮಠದ ಕೀರ್ತಿ ಯಾವುದರಿಂದ ಅಳೆಯಲ್ಪಡುತ್ತಿತ್ತೆಂಬುದು ತಿಳಿಯುತ್ತದೆ.

ಇಂದು ಬೆಂಗಳೂರಿನಲ್ಲಿ ಛತ್ರವೆಂದರೆ ಏನು? ಮದುವೆಯ ಮಂಟಪ. “ಛತ್ರ ಬುಕ್ ಆಯಿತೆ?” ಎಂದು ಕೇಳಿದರೆ ಮಗಳ ಮದುವೆ ನಿಶ್ಚಯವಾಯಿತೆಂದು ಅರ್ಥ. ಒಂದು ದಿನಕ್ಕೆ ಲಕ್ಷಗಟ್ಟಲೆ ಬಾಡಿಗೆ ತೆರುವ, ಉಳಿದ ದಿನಗಳಲ್ಲಿ ಬೀಗ ಹಾಕಿಕೊಂಡಿರುವ ಕಟ್ಟಡಕ್ಕೆ ಅನ್ನದಾನದ ಹೆಸರು ಉಳಿದುಕೊಂಡಿದೆ. ಮೆಜೆಸ್ಟಿಕ್ಕಿನ ಲಾಡ್ಜುಗಳು ಸಾಲಾಗಿ ನಿಂತಿರುವ ಒಂದು ಬೀದಿಗೆ ಸುಬೇದಾರ್ ಛತ್ರಂ ರಸ್ತೆಯೆಂದೇ ಹೆಸರು. ಬಸ್ಸುಗಳು ನಿಲ್ಲುವ ಜಾಗ ಒಂದು ಕಾಲದಲ್ಲಿ ಧರ್ಮಾಂಬುಧಿ ಕೆರೆ. ಧರ್ಮದ ಕಡಲು ಬತ್ತಿ ಬಸ್ ನಿಲ್ದಾಣವಾಯಿತು. ಛತ್ರ ಹೋಗಿ ಬೀದಿಯ ಬೋರ್ಡಾಯಿತು. ಮೈಸೂರಿನ ನಂಜರಾಜ ಬಹದ್ದೂರ್ ಛತ್ರದಲ್ಲಿ ಈಗ ವಸ್ತುಪ್ರದರ್ಶನದ ಮೇಳಗಳು ನಡೆಯುತ್ತವೆ. 2020ರ ಲಾಕ್‌ಡೌನಿನಲ್ಲಿ ಬೀದಿಯಲ್ಲಿದ್ದವರಿಗೆ ಅಲ್ಲಿ ಆಶ್ರಯ ಕೊಟ್ಟಾಗ ಆ ಕಟ್ಟಡ ಕೆಲವು ದಿನ ತನ್ನ ಹೆಸರಿಗೆ ಮರಳಿತ್ತು. ಮಾರಿ ಬಂದಾಗ ಆಗುವ ಕೆಲಸ ಮಾಮೂಲಿನ ದಿನಗಳಲ್ಲಿ ಏಕಾಗಬಾರದು?

ಬೆಂಗಳೂರಿನಲ್ಲಿ ಇಂಥ ಕೆಲಸ ಮಾಡಿದವರು ಇರಲಿಲ್ಲವೆಂದಲ್ಲ. ಗುಬ್ಬಿಯ ತೋಟದಪ್ಪನವರು ವ್ಯಾಪಾರದಿಂದ ಹಣ ಗಳಿಸಿದವರು. ಬೆಂಗಳೂರಿನಲ್ಲಿ ರೈಲಿನಿಂದ ಇಳಿದವರು ತಂಗಲು ತಾಣವಿಲ್ಲದೆ ಪಡುವ ಪಾಡನ್ನು ಕಂಡು, 1897ರಲ್ಲಿ ನಿಲ್ದಾಣದ ಹತ್ತಿರವೇ ಜಾಗ ಕೊಂಡು ಛತ್ರ ಕಟ್ಟಿಸಿದರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ಉದ್ಘಾಟಿಸಿದರು. ಪ್ರಯಾಣಿಕರೊಂದಿಗೆ ಬಡ ವಿದ್ಯಾರ್ಥಿಗಳಿಗೂ ಅವರ ಧರ್ಮದಿಂದ ವಸತಿ ದೊರೆಯಿತು. ಛತ್ರ ಇಂದಿಗೂ ಅಲ್ಲಿದೆ. 1901ರ ಜನಗಣತಿಯಲ್ಲಿ ಪೇಟೆ, ದಂಡು ಎರಡೂ ಸೇರಿ ಬೆಂಗಳೂರಿನ ಜನಸಂಖ್ಯೆ ಒಂದು ಲಕ್ಷ ಅರುವತ್ತು ಸಾವಿರದೊಳಗಿತ್ತು. 2011ರಲ್ಲಿ ಅದು ಎಂಬತ್ತನಾಲ್ಕು ಲಕ್ಷವನ್ನು ಮೀರಿತು. ಅಷ್ಟು ಸಣ್ಣ ಊರಿಗೆ ಒಬ್ಬ ವರ್ತಕ ಒಂದು ಛತ್ರ ಕಟ್ಟಿಸಿದನೆಂದರೆ, ಐವತ್ತು ಪಾಲು ಬೆಳೆದ ಊರಿಗೆ ಎಷ್ಟು ಬೇಕು? ಈ ಲೆಕ್ಕವನ್ನು ನಮ್ಮ ಪ್ರಾಥಮಿಕ ಶಾಲೆಯ ಮಕ್ಕಳೂ ಮಾಡಿಯಾರು. ಆ ಊರಿನಲ್ಲಿ ಅಂದಿಗಿಂತ ಇಂದು ಶ್ರೀಮಂತರು ಕಡಿಮೆಯಾಗಿದ್ದಾರೆಂದು ಯಾರೂ ಹೇಳಲಾರರು.

ಹಳೆಯ ಛತ್ರಗಳನ್ನು ಹೊಗಳುತ್ತ ಹೋಗುವವನಿಗೆ ಒಂದು ಎಚ್ಚರ ಬೇಕು. ಹಳೆಯ ಕಾಲದ ಸತ್ರ ಛತ್ರಗಳಲ್ಲಿ ಬಹುಪಾಲು ಜಾತಿಗೊಂದು ಇದ್ದವು. ನಮ್ಮ ಮಲೆನಾಡಿನ ಜಗಲಿಯ ಆತಿಥ್ಯವೂ ಹಾಗೆಯೇ. ಯಾರು ಜಗಲಿಗೆ ಹತ್ತಬಹುದು, ಯಾರು ಅಂಗಳದಲ್ಲೇ ನಿಲ್ಲಬೇಕು ಎಂಬುದು ಬರೆಯದೆ ಎಲ್ಲರಿಗೂ ತಿಳಿದಿತ್ತು. ಹೋಟೆಲು, ಧರ್ಮಶಾಲೆ, ಮುಸಾಫಿರಖಾನೆಗಳಲ್ಲಿ ಅಸ್ಪೃಶ್ಯತೆಯ ಆಚರಣೆ ಶಿಕ್ಷೆಗೆ ಗುರಿಯೆಂದು 1955ರಲ್ಲಿ ಕಾಯಿದೆ ಮಾಡಬೇಕಾಗಿ ಬಂದದ್ದೇ ಅದಕ್ಕೆ ಸಾಕ್ಷಿ. ಈ ವಿಷಯದಲ್ಲಿ ಲಾಡ್ಜು ಒಂದು ದೊಡ್ಡ ಉಪಕಾರ ಮಾಡಿತು: ಹಣ ಕೊಟ್ಟವನ ಕುಲ ಕೇಳಲಿಲ್ಲ. ಆದ್ದರಿಂದ ಹಳೆಯ ಛತ್ರವನ್ನು ಹಾಗೆಯೇ ಎಬ್ಬಿಸಿ ತನ್ನಿರೆಂದು ನಾನು ಕೇಳುತ್ತಿಲ್ಲ. ಛತ್ರದ ಕರುಣೆ ಇರಲಿ, ಲಾಡ್ಜಿನ ನಿರ್ಲಿಪ್ತತೆ ಇರಲಿ. ಒಂದರ ಜಾತಿಯೂ ಇನ್ನೊಂದರ ಲೋಭವೂ ಬೇಡ. ಕುಲ ಕೇಳುವುದನ್ನು ಬಿಟ್ಟ ಲಾಡ್ಜು ಗಂಡನನ್ನು ಕೇಳುವುದನ್ನೂ ಬಿಡಬೇಕು. ಅದಾಗಿ ಬಿಡದಿದ್ದರೆ, ಕೇಳದೆಯೇ ಬಾಗಿಲು ತೆರೆಯುವ ಸಾರ್ವಜನಿಕ ಮನೆಯೊಂದು ಅದರ ಎದುರಿಗೆ ನಿಲ್ಲಬೇಕು.

ಹೊರಗಿನ ದೇಶಗಳಲ್ಲಿ ಇಂಥದಕ್ಕೆ ದಾರಿ ಹುಡುಕಿದವರು ಇದ್ದಾರೆ. ಜರ್ಮನಿಯಲ್ಲಿ ರಿಚರ್ಡ್ ಶಿರ್ಮನ್ ಎಂಬ ಶಾಲಾ ಮೇಷ್ಟರು 1909ರಲ್ಲಿ ಮಕ್ಕಳನ್ನು ಸಂಚಾರಕ್ಕೆ ಕರೆದೊಯ್ದಾಗ ಗುಡುಗು ಮಳೆಗೆ ಸಿಕ್ಕಿ ಒಂದು ಶಾಲೆಯ ಕಟ್ಟಡದಲ್ಲಿ ರಾತ್ರಿ ಕಳೆದರು. ರಜೆಯಲ್ಲಿ ಖಾಲಿ ಬಿದ್ದಿರುವ ಶಾಲೆಗಳಲ್ಲಿ ಬಡ ಮಕ್ಕಳು ಏಕೆ ತಂಗಬಾರದೆಂದು ಅವರಿಗೆ ಅಂದು ಹೊಳೆಯಿತು. 1912ರಲ್ಲಿ ಆಲ್ಟೆನಾ ಎಂಬ ಊರಿನ ಹಳೆಯ ಕೋಟೆಯಲ್ಲಿ ಯುವಕ ವಸತಿಗೃಹ ತೆರೆಯಿತು. ಅದು ಲೋಕಕ್ಕೆಲ್ಲ ಹಬ್ಬಿತು. ಜಪಾನಿನ ಒಸಾಕದಲ್ಲಿ 1979ರಲ್ಲಿ ಕಿಶೋ ಕುರೊಕಾವ ಎಂಬ ವಾಸ್ತುಶಿಲ್ಪಿ ಒಬ್ಬರು ಮಲಗುವಷ್ಟೇ ಗಾತ್ರದ ಗೂಡುಗಳನ್ನು ಒಂದರ ಮೇಲೊಂದು ಜೋಡಿಸಿ ಹೋಟೆಲು ಮಾಡಿಸಿದ. ಅಲ್ಲಿ ಕೊನೆಯ ರೈಲು ತಪ್ಪಿದ ಗುಮಾಸ್ತನಿಗೆ ಬೇಕಾದದ್ದು ಕೋಣೆಯಲ್ಲ, ನಿದ್ದೆ ಎಂಬುದನ್ನು ಅವನು ಕಂಡುಕೊಂಡಿದ್ದ. ನಮ್ಮ ರೈಲ್ವೆಯವರೂ 2021ರಲ್ಲಿ ಮುಂಬಯಿ ಸೆಂಟ್ರಲ್ ನಿಲ್ದಾಣದಲ್ಲಿ ಅಂಥ ಗೂಡುಗಳನ್ನು ತೆರೆದರು. ಒಬ್ಬ ಮೇಷ್ಟರಿಗೂ ಒಬ್ಬ ಶಿಲ್ಪಿಗೂ ಹೊಳೆದದ್ದು ಸರಕಾರಗಳಿಗೆ ಹೊಳೆಯಬಾರದೆಂಬ ನಿಯಮವೇನಿಲ್ಲ.

“ಸರಕಾರ ನಡೆಸಿದರೆ ಅದು ಮೂರೇ ತಿಂಗಳಿಗೆ ಹಾಳಾಗುತ್ತದೆ” ಎಂದು ನಗುವವರಿಗೆ ಎರಡು ಉತ್ತರಗಳಿವೆ. ಒಂದು ನಮ್ಮ ಕಡೆಯದು. ಹೊರನಾಡಿಗೆ ಹೋದವನು ಯಾರೆಂದು ಕೇಳದೆ ಅನ್ನ ಹಾಕುತ್ತಾರೆ, ರಾತ್ರಿ ಉಳಿಯುವವನಿಗೆ ಮಲಗಲು ಜಾಗ ಕೊಡುತ್ತಾರೆ. ಶೃಂಗೇರಿಯಲ್ಲಿ, ಧರ್ಮಸ್ಥಳದಲ್ಲಿ ಸಾಮಾನ್ಯನ ಕೈಗೆಟಕುವ ಬಾಡಿಗೆಗೆ ವಸತಿ ದೊರೆಯುತ್ತದೆ. ಕಾಡಿನ ನಡುವಿನ ಒಂದು ದೇವಸ್ಥಾನ ಮಳೆಗಾಲದಲ್ಲೂ ನಡೆಸುವ ವ್ಯವಸ್ಥೆಯನ್ನು ಕೋಟ್ಯಂತರ ವರಮಾನದ ರಾಜಧಾನಿ ನಡೆಸಲಾರದೆಂದು ಹೇಳುವುದು ರಾಜಧಾನಿಗೇ ಅವಮಾನ. ಎರಡನೆಯ ಉತ್ತರ ಬೆಂಗಳೂರಿನದೇ. 2017ರ ಆಗಸ್ಟಿನಲ್ಲಿ ಇಂದಿರಾ ಕ್ಯಾಂಟೀನುಗಳನ್ನು ತೆರೆದು ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ ಎಂದಾಗಲೂ ಜನ ಹೀಗೆಯೇ ನಕ್ಕರು. ನಕ್ಕವರೂ ಒಮ್ಮೊಮ್ಮೆ ಅಲ್ಲಿ ತಟ್ಟೆ ಹಿಡಿದು ನಿಂತದ್ದನ್ನು ಕಂಡಿದ್ದೇನೆ. ಅವುಗಳ ಮೇಲೆ ದೂರುಗಳಿಲ್ಲವೆಂದಲ್ಲ; ದೂರುಗಳಿರುವುದು ಅವು ಇರುವುದರಿಂದ. ಹಸಿವು ಸಾರ್ವಜನಿಕ ವಿಷಯವೆಂದು ಒಪ್ಪಿದ ಮೇಲೆ ನಿದ್ದೆ ಖಾಸಗಿ ವಿಷಯವೆಂದು ಹೇಗೆ ಹೇಳುತ್ತೀರಿ? ಬರುವ ಬಸ್ಸು ಉಚಿತ, ಉಣ್ಣುವ ಅನ್ನ ಅಗ್ಗ, ಮಲಗಲು ಮಾತ್ರ ಕಬ್ಬಿಣದ ಕುರ್ಚಿ—ಇದು ಮುಕ್ಕಾಲು ಕಟ್ಟಿ ಬಿಟ್ಟ ಸೇತುವೆಯಂತಿದೆ.

ಕೇಳುವುದು ಸ್ಪಷ್ಟವಾಗಿರಲಿ. 2025ರ 

ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಒಂದು ಮಹಾನಗರ ಪಾಲಿಕೆ ಹೋಗಿ ಐದು ನಗರ ಪಾಲಿಕೆಗಳು ಬಂದಿವೆ. ಐದಕ್ಕೂ ಹೊಸ ಕಛೇರಿ, ಹೊಸ ಕುರ್ಚಿ, ಹೊಸ ಬೋರ್ಡು ಬೇಕಾಗುತ್ತದೆ. ಅವುಗಳೊಡನೆ ಒಂದೊಂದು ಸಾರ್ವಜನಿಕ ಛತ್ರವೂ ಬರಲಿ. ಮೊದಲನೆಯದು ಮೆಜೆಸ್ಟಿಕ್ಕಿನಲ್ಲಿ, ಬಸ್ಸು ಇಳಿದವನು ಚೀಲ ಹೊತ್ತು ನಡೆಯುವಷ್ಟು ಹತ್ತಿರದಲ್ಲಿ ಇರಬೇಕು. ಉಳಿದವು ದೊಡ್ಡ ಆಸ್ಪತ್ರೆಗಳ ಹತ್ತಿರ ಇರಲಿ. ಕಿದ್ವಾಯಿಯ ಆವರಣದಲ್ಲಿ ದಾನಿಗಳ ನೆರವಿನಿಂದ ಧರ್ಮಶಾಲೆ ಎದ್ದಿದೆ; ದಾನಿಗಳು ಮುಂದೆ ಬಂದರೆ ಕೈ ಜೋಡಿಸಿಕೊಳ್ಳಲಿ, ಬರದಿದ್ದರೆ ಅವರಿಗಾಗಿ ಕಾಯುವುದು ಬೇಡ. ಕೋಣೆಗಳು ಬೇಡ, ಸಾಲಾಗಿ ಮಂಚಗಳು, ಮಂಚಕ್ಕೊಂದು ಬೀಗದ ಪೆಟ್ಟಿಗೆ, ದಿನವೂ ಒಗೆದ ಹೊದಿಕೆ. ಬಾಡಿಗೆಯನ್ನು ಗಂಟೆಯ ಲೆಕ್ಕದಲ್ಲಿ ತೆಗೆದುಕೊಳ್ಳಲಿ. ಬೆಳಗಿನ ಜಾವ ಬಂದವನು ನಾಲ್ಕು ಗಂಟೆಯ ಹಣ ಕೊಟ್ಟು ಸ್ನಾನ ಮಾಡಿ ಹೋಗುವಂತಿರಲಿ. ಪುಕ್ಕಟೆ ಬೇಡ. ಪುಕ್ಕಟೆ ಕೊಟ್ಟರೆ ಪಡೆದವನು ತಲೆ ತಗ್ಗಿಸುತ್ತಾನೆ, ಕೊಟ್ಟವನು ಫೋಟೋ ಹಾಕಿಸುತ್ತಾನೆ. ನ್ಯಾಯವಾದ ದರ ಸಾಕು. ಹೆಂಗಸರಿಗೆ ಪ್ರತ್ಯೇಕ ಅಂತಸ್ತು, ಅಲ್ಲಿ ಹೆಂಗಸರೇ ಕೆಲಸದವರು. ಗುರುತಿನ ಚೀಟಿ ನೋಡಲಿ, ಬರೆದುಕೊಳ್ಳಲಿ, ಅದು ಅಗತ್ಯ. ಗಂಡಸರಿಲ್ಲವೆ ಎಂದು ಕೇಳುವವನು ಆ ಮೇಜಿನ ಹಿಂದೆ ಕೂರದಿರಲಿ. ಪರೀಕ್ಷೆ, ಸಂದರ್ಶನ, ದಾಖಲೆ ಪರಿಶೀಲನೆಗಳಿಗೆ ಕರೆಯುವ ಪತ್ರದಲ್ಲಿಯೇ ಮಂಚ ಕಾಯ್ದಿರಿಸುವ ವಿವರ ಅಚ್ಚಾಗಿರಲಿ. ಇವುಗಳಲ್ಲಿ ಯಾವುದು ಅಸಾಧ್ಯ?

ಇದಾವುದೂ ಆಗದೆಂದಾದರೆ ಇನ್ನೊಂದು ದಾರಿಯಿದೆ: ನಮ್ಮನ್ನು ಕರೆಯಬೇಡಿ, ನೀವೇ ಬನ್ನಿ. ಉತ್ತರ ಕರ್ನಾಟಕದವರು ಬಹುಕಾಲ ಹೋರಾಡಿದ ಮೇಲೆ 2008ರಲ್ಲಿ ಧಾರವಾಡ ಮತ್ತು ಕಲಬುರಗಿಗಳಿಗೆ ಹೈಕೋರ್ಟಿನ ಸಂಚಾರಿ ಪೀಠಗಳು ಬಂದವು. 2013ರಲ್ಲಿ ಅವು ಕಾಯಂ ಆದವು. ಬೀದರಿನ ರೈತ ಇಂದು ತನ್ನ ಮೊಕದ್ದಮೆಗಾಗಿ ಬೆಂಗಳೂರಿನ ಬೀದಿಯಲ್ಲಿ ರಾತ್ರಿ ಕಳೆಯಬೇಕಾಗಿಲ್ಲ. ಹಾಗೆಯೇ ದಾಖಲೆ ಪರಿಶೀಲನೆ ಶಿವಮೊಗ್ಗದಲ್ಲೋ ಚಿಕ್ಕಮಗಳೂರಿನಲ್ಲೋ ನಡೆಯಲಿ. ಕ್ಯಾನ್ಸರಿನ ಚಿಕಿತ್ಸೆ ಜಿಲ್ಲೆಯಲ್ಲೇ ಪೂರ್ತಿಯಾಗಿ ಸಿಗಲಿ. ಆಗ ಯಾರೂ ನಿಮ್ಮ ಊರಿಗೆ ಬಂದು ಚಾಪೆ ಕೇಳುವುದಿಲ್ಲ. ಕೆಲಸವನ್ನು ಹಂಚಲೂ ಒಲ್ಲಿರಿ, ಬಂದವರಿಗೆ ಜಾಗ ಕೊಡಲೂ ಒಲ್ಲಿರಿ ಎಂದರೆ, ರಾಜಧಾನಿ ಅಲ್ಲಿ ವಾಸಿಸುವವರದು ಮಾತ್ರ, ಉಳಿದ ಕರ್ನಾಟಕ ಅದಕ್ಕೆ ಗಿರಾಕಿ ಎಂದಾಗುತ್ತದೆ. ಬೆಂಗಳೂರಿನ ಒಂದೊಂದು ಕಲ್ಲಿಗೂ ಈ ರಾಜ್ಯದ ಮೂಲೆಮೂಲೆಯ ಕಂದಾಯ ಸೇರಿದೆ. ಅಡಿಕೆ, ಕಾಫಿ, ಮೆಣಸಿನ ಹಣದಲ್ಲಿ ನಮ್ಮ ತಾಲ್ಲೂಕುಗಳ ಪಾಲೂ ಅದರಲ್ಲಿದೆ.

ಮುಂದಿನ ಆಯವ್ಯಯದಲ್ಲಿ ಬೆಂಗಳೂರಿಗೆ ಸುರಂಗ, ಮೇಲ್ಸೇತುವೆಗಳೆಂದು ಸಾವಿರಾರು ಕೋಟಿಗಳ ಲೆಕ್ಕ ಬರೆಯುವಾಗ ಒಂದು ಸಾಲು ಇದಕ್ಕೂ ಇರಲಿ. ಬರೆಯುವ ಅಧಿಕಾರಿಗಳು ಅದಕ್ಕೆ ಮೊದಲು ಒಂದು ರಾತ್ರಿ, ಕಾರಿಲ್ಲದೆ, ಪರಿಚಯ ಹೇಳದೆ, ಒಂದು ಕೈಚೀಲ ಹಿಡಿದು, ಸಾಧ್ಯವಾದರೆ ತಾಯಿಯನ್ನೋ ಮಗಳನ್ನೋ ಮಾತ್ರ ಮುಂದೆ ಕಳುಹಿಸಿ, ಸುಬೇದಾರ್ ಛತ್ರಂ ರಸ್ತೆಯಲ್ಲಿ ಕೋಣೆ ಕೇಳಿ ನೋಡಲಿ. ಬೆಳಗಾಗುವಷ್ಟರಲ್ಲಿ ಎಷ್ಟು ಹಣ ಬೇಕೆಂಬುದು ಅವರಿಗೆ ತಿಳಿದಿರುತ್ತದೆ.